ದುರಸ್ತಿ ಬಾಕಿಗಾಗಿ ವಾಹನ ತಡೆಹಿಡಿಯುವ ಹಕ್ಕು: ವ್ಯಾಪ್ತಿ ಮತ್ತು ಜಾರಿ

ದುರಸ್ತಿಗೆಂದು ಒಪ್ಪಿಸಿದ ವಾಹನ ಸಿದ್ಧವಾಗಿ ತಿಂಗಳುಗಳು ಕಳೆದರೂ ಮಾಲೀಕರು ಹಣ ತೆತ್ತು ಬಿಡಿಸಿಕೊಳ್ಳದಿರುವುದು ಗ್ಯಾರೇಜು ನಡೆಸುವವರಿಗೆಲ್ಲ ಪರಿಚಿತವಾದ ಸಂಕಟ. ಲಾರಿಯೊಂದರ ಎಂಜಿನ್ ಬಿಚ್ಚಿ ಹೊಸದಾಗಿ ಜೋಡಿಸಬೇಕಾದರೆ ಬಿಡಿಭಾಗಗಳ ಅಂಗಡಿಗೆ, ಲೇತ್ ಕೆಲಸದವರಿಗೆ, ಕೈಕೆಳಗಿನ ಮೆಕ್ಯಾನಿಕ್‌ಗಳಿಗೆ ಗ್ಯಾರೇಜಿನ ಯಜಮಾನರೇ ಮೊದಲು ಕೈಯಿಂದ ಹಣ ಹಾಕಿರುತ್ತಾರೆ. ಬಿಲ್ಲು ವಸೂಲಾಗದಿದ್ದರೆ ಬಂಡವಾಳದ ಜೊತೆಗೆ ಶೆಡ್ಡಿನ ಜಾಗವೂ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಕೆಲವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ವಾಹನವನ್ನು ಬಿಟ್ಟುಕೊಡುತ್ತಾರೆ. ಮತ್ತೆ ಕೆಲವರು ತಾಳ್ಮೆಗೆಟ್ಟು ಅದನ್ನು ತಾವೇ ಮಾರಿ ಬಾಕಿ ಜಮಾ ಮಾಡಿಕೊಳ್ಳಲು ಹೊರಡುತ್ತಾರೆ. ಮೊದಲನೆಯವರು ಕಾನೂನು ಕೊಟ್ಟಿರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಎರಡನೆಯವರು ಕಾನೂನು ಕೊಡದ ಹಕ್ಕನ್ನು ಚಲಾಯಿಸಿ ತೊಂದರೆಗೆ ಸಿಲುಕುತ್ತಾರೆ. ಈ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಇದೆ, ಅದನ್ನು ಹಣವಾಗಿ ಪರಿವರ್ತಿಸಿಕೊಳ್ಳುವ ಸರಿಯಾದ ದಾರಿ ಯಾವುದು ಎಂಬುದನ್ನು ವರ್ತಕರು ಅರಿತಿರುವುದು ಅವಶ್ಯ.

ನಮ್ಮ ದೇಶದಲ್ಲಿ ಮೆಕ್ಯಾನಿಕ್‌ಗಳಿಗೆಂದೇ ಪ್ರತ್ಯೇಕವಾದ ಕಾಯಿದೆಯಿಲ್ಲ. ಅವರ ಹಕ್ಕಿನ ಮೂಲ 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಂ. ಒಬ್ಬರು ಒಂದು ಉದ್ದೇಶಕ್ಕಾಗಿ ಒಪ್ಪಿಸಿದ ವಸ್ತುವಿನ ಮೇಲೆ ಮತ್ತೊಬ್ಬರು ಆ ಉದ್ದೇಶಕ್ಕೆ ಅನುಗುಣವಾಗಿ ಶ್ರಮ ಅಥವಾ ಕುಶಲತೆ ಬೇಡುವ ಸೇವೆ ಸಲ್ಲಿಸಿದ್ದರೆ, ವಿರುದ್ಧವಾದ ಕರಾರು ಇಲ್ಲದಿರುವಾಗ, ಆ ಸೇವೆಗೆ ಸಲ್ಲಬೇಕಾದ ಪ್ರತಿಫಲ ಕೈಸೇರುವವರೆಗೆ ವಸ್ತುವನ್ನು ತಮ್ಮಲ್ಲೇ ಇರಿಸಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಇದನ್ನೇ ಲಿಯನ್ ಎನ್ನುತ್ತಾರೆ. ಕಾಯಿದೆಯಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಒರಟು ವಜ್ರವನ್ನು ಸಾಣೆ ಹಿಡಿಯಲು ಪಡೆದ ರತ್ನವ್ಯಾಪಾರಿ ಕೆಲಸ ಮುಗಿಸಿದ ಮೇಲೆ ಮಜೂರಿ ಬರುವತನಕ ಕಲ್ಲನ್ನು ಹಿಡಿದಿಟ್ಟುಕೊಳ್ಳಬಹುದು. ಆದರೆ ಕೋಟು ಸಿದ್ಧವಾದ ಕೂಡಲೇ ಕೊಡುವೆನು, ಮಜೂರಿಗೆ ಮೂರು ತಿಂಗಳ ಸಾಲ ಕೊಡುವೆನು ಎಂದು ಒಪ್ಪಿಕೊಂಡ ದರ್ಜಿ ಕೋಟನ್ನು ತಡೆಹಿಡಿಯುವಂತಿಲ್ಲ. ಮೋಟಾರು ವಾಹನಗಳೇ ಇಲ್ಲದಿದ್ದ ಕಾಲದಲ್ಲಿ ಬರೆದ ಈ ಎರಡು ನಿದರ್ಶನಗಳೊಳಗೆ ಇಂದಿನ ಗ್ಯಾರೇಜುಗಳ ಹೆಚ್ಚಿನ ತಕರಾರುಗಳು ಅಡಗಿವೆ.

ದರ್ಜಿಯ ನಿದರ್ಶನವನ್ನು ಸಾರಿಗೆ ವ್ಯವಹಾರಕ್ಕೆ ಅನ್ವಯಿಸಿ ನೋಡಬೇಕು. ಐದಾರು ಲಾರಿಗಳಿರುವ ಸಾರಿಗೆ ಸಂಸ್ಥೆಯೊಂದು ಗ್ಯಾರೇಜಿನಲ್ಲಿ ತಿಂಗಳ ಲೆಕ್ಕ ಇರಿಸಿಕೊಂಡಿದೆ, ವಾಹನಗಳು ಬಂದು ಹೋಗುತ್ತಿರುತ್ತವೆ, ಹಣ ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಬರಬೇಕು ಎಂಬ ಒಪ್ಪಂದವಿದೆ ಎಂದಿಟ್ಟುಕೊಳ್ಳೋಣ. ಇಂತಹ ಏರ್ಪಾಡೇ ಕಾಯಿದೆ ಹೇಳುವ ವಿರುದ್ಧ ಕರಾರು. ಸಾಲದ ಅವಧಿ ಮುಗಿಯುವ ಮುನ್ನ ಹಣಕ್ಕಾಗಿ ವಾಹನವನ್ನು ತಡೆದರೆ ಗ್ಯಾರೇಜಿನವರೇ ತಪ್ಪಿತಸ್ಥರಾಗುತ್ತಾರೆ. ಮುಂದಿನ ತಾರೀಖಿನ ಚೆಕ್ಕನ್ನು ಒಪ್ಪಿಕೊಳ್ಳುವುದೂ ಬಹುಮಟ್ಟಿಗೆ ಸಾಲ ಕೊಟ್ಟಂತೆಯೇ ಸರಿ. ವ್ಯಾಪಾರದಲ್ಲಿ ಸಾಲ ಕೊಡದೆ ನಡೆಯದು ಎಂಬುದು ನಿಜ. ಆದರೆ ಸಾಲ ಕೊಟ್ಟಾಗ ಕೈಬಿಟ್ಟ ಭದ್ರತೆ ಯಾವುದು ಎಂಬುದು ಕೊಟ್ಟವರಿಗೆ ತಿಳಿದಿರಬೇಕು.

ಹಳೆಯ ಬಾಕಿಯ ಪ್ರಶ್ನೆ ಇದಕ್ಕಿಂತಲೂ ಹೆಚ್ಚಾಗಿ ಎದುರಾಗುತ್ತದೆ. ಒಂದು ಲಾರಿಯ ಗೇರ್ ಬಾಕ್ಸ್ ಕೆಲಸಕ್ಕೆ ರೂ. 60,000 ಬಿಲ್ಲಾಗಿದೆ. ಅದೇ ಮಾಲೀಕರ ಮತ್ತೊಂದು ಲಾರಿಯ ಎಂಜಿನ್ ಕೆಲಸದ ರೂ. 1,40,000 ಕಳೆದ ವರ್ಷದಿಂದ ಬಾಕಿ ನಿಂತಿದೆ. ಮಾಲೀಕರು ರೂ. 60,000 ನಗದಾಗಿ ಮುಂದಿಟ್ಟರೆ ಈ ಲಾರಿಯನ್ನು ಬಿಡಲೇಬೇಕು. 170ನೆಯ ಕಲಮಿನ ಹಕ್ಕು ಆಯಾ ವಸ್ತುವಿಗೆ ಮಾಡಿದ ಆಯಾ ಕೆಲಸದ ಪ್ರತಿಫಲಕ್ಕೆ ಮಾತ್ರ ಸೀಮಿತ. ಒಟ್ಟು ಲೆಕ್ಕದ ಬಾಕಿಗೆ ಯಾವ ವಸ್ತುವನ್ನಾದರೂ ಹಿಡಿದಿಡುವ ಸಾಮಾನ್ಯ ಲಿಯನ್ ಅನ್ನು 171ನೆಯ ಕಲಂ ಬ್ಯಾಂಕರುಗಳು, ಫ್ಯಾಕ್ಟರುಗಳು, ಬಂದರುಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು ಮತ್ತು ವಿಮಾ ಪಾಲಿಸಿ ದಲ್ಲಾಳಿಗಳಿಗೆ ಮಾತ್ರ ಕೊಟ್ಟಿದೆ. ಉಳಿದವರಿಗೆ ಅದು ಬೇಕಾದರೆ ಸ್ಪಷ್ಟವಾದ ಕರಾರು ಇರಬೇಕು ಎಂದೂ ಅದೇ ಕಲಂ ಹೇಳುತ್ತದೆ. ಎಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಈ ಮಾಲೀಕರ ಯಾವುದೇ ವಾಹನದ ಹಿಂದಿನ ಬಾಕಿಗೂ ಈ ವಾಹನವನ್ನು ತಡೆಹಿಡಿಯಬಹುದು ಎಂಬ ಷರತ್ತನ್ನು ಜಾಬ್ ಕಾರ್ಡಿನಲ್ಲಿ ಮುದ್ರಿಸಿ ಮಾಲೀಕರಿಂದ ಸಹಿ ಪಡೆದಿದ್ದರೆ ಮೇಲಿನ ಉದಾಹರಣೆಯ ಫಲಿತಾಂಶವೇ ಬೇರೆಯಾಗುತ್ತಿತ್ತು.

ಸ್ವಾಧೀನ ಹೋದರೆ ಹಕ್ಕೂ ಹೋಗುತ್ತದೆ

ಲಿಯನ್ ನಿಂತಿರುವುದು ಸ್ವಾಧೀನದ ಮೇಲೆ. ಯಜಮಾನರು ಸ್ವಇಚ್ಛೆಯಿಂದ ಬೀಗದ ಕೈ ಕೊಟ್ಟು ವಾಹನವನ್ನು ರಸ್ತೆಗೆ ಬಿಟ್ಟ ಕ್ಷಣದಲ್ಲಿ ಅದು ಮುಗಿಯುತ್ತದೆ, ಮತ್ತು ಅದೇ ವಾಹನ ಮುಂದೊಮ್ಮೆ ಬೇರೆ ಕೆಲಸಕ್ಕೆ ಬಂದರೂ ಹಳೆಯ ಬಿಲ್ಲಿಗೆ ಮರುಜೀವ ಬರುವುದಿಲ್ಲ. 1943ರಲ್ಲಿ ವರದಿಯಾದ ನಾಗಪುರ ಹೈಕೋರ್ಟಿನ ತೀರ್ಪೊಂದರಲ್ಲಿ ಇದೇ ವಿಷಯ ನಿರ್ಧಾರವಾಯಿತು. ಅಲ್ಲಿ ದುರಸ್ತಿ ಮಾಡಿ ಕೊಟ್ಟಿದ್ದ ರೆಫ್ರಿಜರೇಟರಿನ ಭಾಗಗಳನ್ನು ಮತ್ತೆ ರಿಪೇರಿಗೆಂದು ತಂದವರು ಹಿಂದಿನ ಬಾಕಿಗಾಗಿ ಅವನ್ನು ಹಿಡಿದಿಟ್ಟುಕೊಂಡಿದ್ದರು. ಒಮ್ಮೆ ಒಪ್ಪಿಸಿದಾಗಲೇ ಹಕ್ಕು ಕಳೆದುಹೋಯಿತು ಎಂದು ನ್ಯಾಯಾಲಯ ಹೇಳಿತು.

ಚೆಕ್ಕು ಪಡೆದು ವಾಹನ ಬಿಡುವುದರಲ್ಲಿ ಇರುವ ಅಪಾಯವೂ ಇದೇ. ಚೆಕ್ಕು ಅಮಾನ್ಯವಾಗಿ ಮರಳಿದಾಗ ವಾಹನ ಕೈಯಲ್ಲಿರುವುದಿಲ್ಲ. ಆಗ ಉಳಿಯುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಂ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟೀಸು, ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಆ ಗಡುವು ಮೀರಿದ ಒಂದು ತಿಂಗಳೊಳಗೆ ದೂರು. ದೊಡ್ಡ ಮೊತ್ತವಾದರೆ ಬ್ಯಾಂಕ್ ವರ್ಗಾವಣೆಯ ಹಣ ಖಾತೆಗೆ ಜಮಾ ಆದುದನ್ನು ನೋಡಿಯೇ ವಾಹನ ಬಿಡುವುದು ಲೇಸು. ಮೊಬೈಲಿನಲ್ಲಿ ಕಳುಹಿಸಿದ ರಸೀದಿಯ ಚಿತ್ರ ಹಣವಲ್ಲ.

ಇನ್ನು ನಿಲುಗಡೆ ಶುಲ್ಕದ ವಿಚಾರ. ವಾಹನ ತೆಗೆದುಕೊಂಡು ಹೋಗದಿದ್ದರೆ ದಿನವೊಂದಕ್ಕೆ ಇಂತಿಷ್ಟು ಬಾಡಿಗೆ ಎಂದು ಬಿಲ್ಲಿನ ಕೆಳಗೆ ಸೇರಿಸುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿದೆ. ಮೊದಲೇ ಒಪ್ಪಂದವಾಗಿರದಿದ್ದರೆ ಇದು ನಿಲ್ಲುವುದು ಕಷ್ಟ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1860ರಲ್ಲೇ ಇದನ್ನು ಚರ್ಚಿಸಿದೆ. ಹಡಗೊಂದನ್ನು ದುರಸ್ತಿ ಮಾಡಿದ ಸೋಮ್ಸ್ ಎಂಬ ಹಡಗುಕಟ್ಟೆಯವರು ಬಾಕಿಗಾಗಿ ಅದನ್ನು ತಮ್ಮ ಕಟ್ಟೆಯಲ್ಲೇ ತಡೆದು, ತಡೆದಿಟ್ಟ ದಿನಗಳಿಗೂ ಬಾಡಿಗೆ ಕೇಳಿದರು. ಹಡಗನ್ನು ಇರಿಸಿಕೊಂಡದ್ದು ಅವರ ಸ್ವಂತ ಭದ್ರತೆಗಾಗಿಯೇ ಹೊರತು ಮಾಲೀಕರ ಉಪಯೋಗಕ್ಕಲ್ಲ, ಆದ್ದರಿಂದ ಅದರ ಖರ್ಚು ಮಾಲೀಕರ ಮೇಲೆ ಬೀಳದು ಎಂಬುದು ತೀರ್ಪು. ಇಂಗ್ಲಿಷ್ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ಈ ತರ್ಕ ನಮ್ಮ ಕಾಯಿದೆಗೂ ಹೊಂದುತ್ತದೆ. 170ನೆಯ ಕಲಂ ಹೇಳುವುದು ಶ್ರಮ ಮತ್ತು ಕುಶಲತೆಯ ಸೇವೆಯನ್ನು, ಬರಿಯ ಕಾವಲನ್ನಲ್ಲ. ಹೆಚ್ಚುವರಿ ಮೊತ್ತ ಸೇರಿಸಿ ಅದನ್ನು ಕೊಟ್ಟ ಹೊರತು ವಾಹನ ಬಿಡೆನೆಂದು ಪಟ್ಟು ಹಿಡಿಯುವುದು ಅಪಾಯಕಾರಿ. ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ಮಾಲೀಕರು ಮುಂದಿಟ್ಟು, ಅದನ್ನು ಯಜಮಾನರು ನಿರಾಕರಿಸಿದರೆ ಅಲ್ಲಿಂದ ಮುಂದಿನ ಸ್ವಾಧೀನಕ್ಕೆ ಕಾನೂನಿನ ಆಸರೆ ಇರುವುದಿಲ್ಲ.

ತಡೆಹಿಡಿದ ಅವಧಿಯಲ್ಲಿ ವಾಹನದ ಜವಾಬ್ದಾರಿಯೂ ಗ್ಯಾರೇಜಿನದೇ. ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರವನ್ನು 151ನೆಯ ಕಲಂ ನಿರೀಕ್ಷಿಸುತ್ತದೆ. ಬ್ಯಾಟರಿ, ಟೈರುಗಳನ್ನು ಕಳಚಿ ಬೇರೆ ಗಾಡಿಗೆ ಹಾಕುವುದು, ಸಾಮಾನು ತರಲು ಆ ವಾಹನವನ್ನೇ ಓಡಿಸುವುದು ಇವೆಲ್ಲ ಹಕ್ಕಿನ ಮೇಲೆ ತಾವೇ ಕೊಡಲಿಯೇಟು ಹಾಕಿಕೊಂಡಂತೆ. ಒಪ್ಪಿಸಿದ ಉದ್ದೇಶಕ್ಕೆ ಹೊರತಾಗಿ ಬಳಸಿದಾಗ ಆಗುವ ಹಾನಿಗೆ 154ನೆಯ ಕಲಮಿನಂತೆ ಪರಿಹಾರ ತೆರಬೇಕಾಗುತ್ತದೆ.

ಮಾರುವ ಅಧಿಕಾರ ಏಕಿಲ್ಲ

ಗಿರವಿ ಹಿಡಿದವರು ಗಿರವಿ ವಸ್ತುವನ್ನು ಯುಕ್ತ ನೋಟೀಸು ಕೊಟ್ಟು ಮಾರಬಹುದು ಎಂದು ಕರಾರು ಕಾಯಿದೆಯ 176ನೆಯ ಕಲಂ ಹೇಳುತ್ತದೆ. ದಾರಿಯಲ್ಲಿ ಬಿದ್ದ ವಸ್ತು ಸಿಕ್ಕವರಿಗೂ ಕೆಲವು ಸಂದರ್ಭಗಳಲ್ಲಿ 169ನೆಯ ಕಲಂ ಮಾರಾಟದ ಅವಕಾಶ ಕೊಟ್ಟಿದೆ. ಆದರೆ ಬೆವರು ಸುರಿಸಿ ಕೆಲಸ ಮಾಡಿದವರ ಬಗೆಗಿನ 170ನೆಯ ಕಲಂ ಇರಿಸಿಕೊಳ್ಳುವ ಮಾತನ್ನಷ್ಟೇ ಆಡಿ ಸುಮ್ಮನಾಗುತ್ತದೆ. ಇಂಗ್ಲೆಂಡು 1977ರ ಕಾಯಿದೆಯೊಂದರ ಮೂಲಕ, ಮಾಲೀಕರು ತೆಗೆದುಕೊಂಡು ಹೋಗದ ವಸ್ತುಗಳನ್ನು ನಿಗದಿತ ನೋಟೀಸಿನ ಬಳಿಕ ಮಾರುವ ಅಧಿಕಾರವನ್ನು ದುರಸ್ತಿದಾರರಿಗೂ ಕೊಟ್ಟಿತು. ಒಂದೂವರೆ ಶತಮಾನ ದಾಟಿದ ನಮ್ಮ ಕಾಯಿದೆಗೆ ಅಂತಹ ತಿದ್ದುಪಡಿ ಬಂದಿಲ್ಲ. ಸಣ್ಣ ಉದ್ಯಮಿಗಳ ದೃಷ್ಟಿಯಿಂದ ಇದೊಂದು ಕೊರತೆಯೇ ಸರಿ.

ಇಷ್ಟಾಗಿಯೂ ಮಾರಿದರೆ ಏನಾಗುತ್ತದೆ? ಮೊದಲನೆಯದಾಗಿ, ಕೊಂಡವರ ಹೆಸರಿಗೆ ಆರ್.ಸಿ. ವರ್ಗವಾಗುವುದಿಲ್ಲ. ಸಾಮಾನ್ಯ ಮಾರಾಟದಲ್ಲಿ ನಮೂನೆ 29 ಮತ್ತು 30ಕ್ಕೆ ನೋಂದಾಯಿತ ಮಾಲೀಕರ ಸಹಿ ಬೇಕು. ಮೋಟಾರು ವಾಹನಗಳ ಕಾಯಿದೆ, 1988ರ 50ನೆಯ ಕಲಂ ಹರಾಜಿನಲ್ಲಿ ಕೊಂಡವರ ಹೆಸರಿಗೆ ವರ್ಗಾವಣೆಯನ್ನು ಒಪ್ಪುವುದು ಸರ್ಕಾರ ಅಥವಾ ಸರ್ಕಾರದ ಪರವಾಗಿ ನಡೆದ ಹರಾಜಿಗೆ. ಗ್ಯಾರೇಜಿನ ಅಂಗಳದಲ್ಲಿ ನಡೆದ ಹರಾಜು ಅದರಲ್ಲಿ ಬರುವುದಿಲ್ಲ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಮಾರಿದರೆ ಸಾಕು ಎಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಅದಕ್ಕೆ ಆಧಾರವಿಲ್ಲ. ಎರಡನೆಯದು ಇನ್ನೂ ಗಂಭೀರವಾದುದು. ಬಾಕಿಗಾಗಿ ತಡೆಹಿಡಿದಿರುವವರೆಗೆ ಅದು ಸಿವಿಲ್ ಸ್ವರೂಪದ ಹಕ್ಕು. ಮಾರಿ ಹಣ ಕೈಗೆ ಹಾಕಿಕೊಂಡರೆ ಮಾಲೀಕರು ನಂಬಿಕೆ ದ್ರೋಹದ ದೂರು ಕೊಡಲು ಅವಕಾಶವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ 316ನೆಯ ಕಲಮಿನಲ್ಲಿದೆ.

ನ್ಯಾಯಾಲಯದ ಮೂಲಕ ಜಾರಿ

ಸರಿಯಾದ ದಾರಿ ನೋಟೀಸಿನಿಂದ ಆರಂಭವಾಗುತ್ತದೆ. ವಾಹನದ ನೋಂದಣಿ ಸಂಖ್ಯೆ, ಒಪ್ಪಿಸಿದ ದಿನ, ಮಾಡಿದ ಕೆಲಸ, ಬಿಡಿಭಾಗ ಹಾಗೂ ಮಜೂರಿಯ ವಿವರ, ಬಂದ ಮುಂಗಡ, ಉಳಿದ ಬಾಕಿ ಇವಿಷ್ಟನ್ನೂ ನಮೂದಿಸಿ, 170ನೆಯ ಕಲಮಿನಂತೆ ವಾಹನವನ್ನು ತಡೆಹಿಡಿಯಲಾಗಿದೆ ಎಂದು ತಿಳಿಸಿ, ಹಣ ತೆತ್ತು ಒಯ್ಯಲು ಗಡುವು ಕೊಡಬೇಕು. ತಲುಪಿದ ಬಗೆಗೆ ದಾಖಲೆ ಉಳಿಯುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುವುದು ಒಳ್ಳೆಯದು. ಆರ್.ಸಿ.ಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರಿದ್ದರೆ ಅವರಿಗೂ ಒಂದು ಪ್ರತಿ ಹೋಗಲಿ.

ಗಡುವು ಮೀರಿದರೆ ದಾವೆ. ಇಲ್ಲಿ ಆರಿಸಿಕೊಳ್ಳಬೇಕಾದ ಎರಡು ಮಾರ್ಗಗಳಿವೆ. ಸಹಿಯಾದ ಲಿಖಿತ ಒಪ್ಪಂದ, ನಿಶ್ಚಿತ ಮೊತ್ತ ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೆಯ ಆದೇಶದ ಸಂಕ್ಷಿಪ್ತ ದಾವೆ ಹೂಡಬಹುದು. ಅಲ್ಲಿ ಪ್ರತಿವಾದಿ ನ್ಯಾಯಾಲಯದ ಅನುಮತಿಯಿಲ್ಲದೆ ವಾದ ಹೂಡುವಂತಿಲ್ಲ. ಆದರೆ ಆ ದಾವೆ ಹಣಕ್ಕೆ ಮಾತ್ರ ಸೀಮಿತ. ಮಾಲೀಕರ ಬಳಿ ಬೇರೆ ಆಸ್ತಿಯಿಲ್ಲ, ಅಂಗಳದಲ್ಲಿರುವ ವಾಹನವೇ ವಸೂಲಿಗೆ ಆಧಾರ ಎನ್ನುವಂತಿದ್ದರೆ, ಬಾಕಿಯ ಜೊತೆಗೆ ಲಿಯನ್ ಘೋಷಣೆಯನ್ನೂ ವಾಹನದ ಮಾರಾಟವನ್ನೂ ಕೋರುವ ಸಾಮಾನ್ಯ ದಾವೆಯೇ ಮೇಲು. ಏಕೆಂದರೆ ಆಗ 39ನೆಯ ಆದೇಶದ 6ನೆಯ ನಿಯಮದ ನೆರವು ದೊರೆಯುತ್ತದೆ. ದಾವೆಯ ವಿಷಯವಾಗಿರುವ ಚರ ವಸ್ತು ಬೇಗನೆ ಕೆಡುವಂತಹುದಾದರೆ, ಅಥವಾ ಬೇರೆ ಸಕಾರಣದಿಂದ ಕೂಡಲೇ ಮಾರುವುದು ಯುಕ್ತವೆನಿಸಿದರೆ, ತೀರ್ಪಿಗೆ ಮೊದಲೇ ಮಾರಾಟಕ್ಕೆ ಆದೇಶಿಸುವ ಅಧಿಕಾರವನ್ನು ಆ ನಿಯಮ ನ್ಯಾಯಾಲಯಕ್ಕೆ ಕೊಟ್ಟಿದೆ. ಬಿಸಿಲು ಮಳೆಯಲ್ಲಿ ನಿಂತ ವಾಹನದ ಬೆಲೆ ಕುಸಿಯುತ್ತದೆ, ರಬ್ಬರು ಸೀಳುತ್ತದೆ, ಬ್ಯಾಟರಿ ಸಾಯುತ್ತದೆ ಎಂಬುದನ್ನು ಛಾಯಾಚಿತ್ರ ಹಾಗೂ ಮೌಲ್ಯಮಾಪಕರ ವರದಿಯೊಂದಿಗೆ ತೋರಿಸಬೇಕು. ಹೀಗೆ ಮಾರಾಟವಾದಾಗ ಬಂದ ಹಣ ಅಂತಿಮ ತೀರ್ಪಿಗೆ ಒಳಪಟ್ಟು ನ್ಯಾಯಾಲಯದ ವಶದಲ್ಲಿರುತ್ತದೆ, ಕೊಂಡವರಿಗೆ ಆರ್.ಟಿ.ಒ. ಕಚೇರಿಯಲ್ಲಿ ತೋರಿಸಲು ನ್ಯಾಯಾಲಯದ ಆದೇಶ ಸಿಗುತ್ತದೆ, ಗ್ಯಾರೇಜಿನ ಜಾಗವೂ ತೆರವಾಗುತ್ತದೆ. ಈ ನಿಯಮವನ್ನು ಬಳಸಿಕೊಳ್ಳಬೇಕಾದಷ್ಟು ಬಳಸಿಕೊಳ್ಳುತ್ತಿಲ್ಲ.

ವಾಣಿಜ್ಯ ಸೇವೆಯ ಒಪ್ಪಂದದಿಂದ ಹುಟ್ಟಿದ ವ್ಯಾಜ್ಯದ ಮೌಲ್ಯ ರೂ. 3 ಲಕ್ಷ ಅಥವಾ ಹೆಚ್ಚಾಗಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಅನ್ವಯಿಸಬಹುದು. ಆಗ ತುರ್ತು ಮಧ್ಯಂತರ ಪರಿಹಾರದ ಅಗತ್ಯವಿಲ್ಲದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಇದನ್ನು ಮರೆತು ಹೂಡಿದ ದಾವೆ ಆರಂಭದಲ್ಲೇ ತಿರಸ್ಕೃತವಾಗುತ್ತದೆ.

ಕಾಲಮಿತಿಯನ್ನೂ ಲಕ್ಷ್ಯದಲ್ಲಿಡಬೇಕು. ಹಣಕ್ಕೆ ತಾರೀಖು ಗೊತ್ತುಪಡಿಸಿರದಿದ್ದರೆ, 1963ರ ಕಾಲಮಿತಿ ಕಾಯಿದೆಯ 18ನೆಯ ಅನುಚ್ಛೇದದಂತೆ ಕೆಲಸ ಮುಗಿದ ದಿನದಿಂದ ಮೂರು ವರ್ಷ. ವಾಹನ ನಮ್ಮಲ್ಲೇ ಇದೆ, ಎಲ್ಲಿಗೆ ಹೋದೀತು ಎಂದು ಕಾದು ಕುಳಿತವರು ಮೂರು ವರ್ಷಗಳ ನಂತರ ದಾವೆಯ ದಾರಿ ಮುಚ್ಚಿಕೊಂಡು, ಮಾರಲೂ ಆಗದ, ಬಿಡಲೂ ಮನಸ್ಸು ಬಾರದ ತುಕ್ಕು ಹಿಡಿದ ಗಾಡಿಯೊಂದಿಗೆ ಉಳಿಯುತ್ತಾರೆ.

ಗ್ರಾಹಕರು ಸಂಸ್ಥೆಯಾಗಿದ್ದು, ಗ್ಯಾರೇಜು ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ ಮತ್ತೊಂದು ಮಾರ್ಗವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಒಪ್ಪಂದದ ಅವಧಿ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಅರ್ಜಿ ಹಾಕಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರುವುದು ಕ್ಷೇಮ.

ಸಾಲದ ವಾಹನ ಮತ್ತು ಚಾಲಕರು ತಂದ ವಾಹನ

ಇಂದು ರಸ್ತೆಯಲ್ಲಿರುವ ವಾಣಿಜ್ಯ ವಾಹನಗಳಲ್ಲಿ ಅನೇಕವು ಸಾಲದವು. ಆರ್.ಸಿ.ಯಲ್ಲಿ ಎಚ್.ಪಿ. ನಮೂದು ಇರುವವರೆಗೆ ಸಾಲ ಕೊಟ್ಟವರ ಲಿಖಿತ ಸಮ್ಮತಿಯಿಲ್ಲದೆ ಮಾಲೀಕತ್ವದ ವರ್ಗಾವಣೆಯನ್ನು ನಮೂದಿಸುವಂತಿಲ್ಲ ಎಂದು ಮೋಟಾರು ವಾಹನಗಳ ಕಾಯಿದೆಯ 51ನೆಯ ಕಲಂ ಹೇಳುತ್ತದೆ. ಆದ್ದರಿಂದ ಮಾರಾಟ ಕೋರುವ ದಾವೆಯಲ್ಲಿ ಅವರನ್ನೂ ಪ್ರತಿವಾದಿಯಾಗಿ ಸೇರಿಸುವುದು ಉಚಿತ. ಕಂತು ತಪ್ಪಿದ ವಾಹನವನ್ನು ವಶಪಡಿಸಿಕೊಳ್ಳಲು ಅವರ ಪ್ರತಿನಿಧಿಗಳು ಗ್ಯಾರೇಜಿಗೇ ಬರುವುದುಂಟು. ಅವರೊಂದಿಗೆ ವಾಗ್ವಾದಕ್ಕಿಳಿಯದೆ ಬಿಲ್ಲಿನ ಪ್ರತಿ ಕೊಟ್ಟು, ದುರಸ್ತಿಯ ಹಣ ಚುಕ್ತಾ ಮಾಡಿ ಒಯ್ಯುವಂತೆ ಲಿಖಿತವಾಗಿ ತಿಳಿಸಬೇಕು. ಸಾಲ ವಸೂಲಿಗೆ ಬಲಪ್ರಯೋಗ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲೇ ಸ್ಪಷ್ಟಪಡಿಸಿದೆ. ದುರಸ್ತಿಯಿಂದ ಅವರ ಭದ್ರತೆಯ ಬೆಲೆಯೂ ಏರಿರುತ್ತದೆ, ಓಡದ ಲಾರಿಗಿಂತ ಓಡುವ ಲಾರಿಗೆ ಹರಾಜಿನಲ್ಲಿ ಹೆಚ್ಚು ಬರುತ್ತದೆ ಎಂಬುದು ಅವರಿಗೂ ಗೊತ್ತು.

ಚಾಲಕರು ತಂದು ಬಿಟ್ಟ ವಾಹನದ ವಿಷಯದಲ್ಲಿ, ನಾನು ಹೇಳಿರಲಿಲ್ಲ ಎಂದು ಮಾಲೀಕರು ನಂತರ ನುಡಿಯುವ ಸಾಧ್ಯತೆ ಇದೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1963ರಲ್ಲಿ ಟ್ಯಾಪೆಂಡೆನ್ ಮೊಕದ್ದಮೆಯಲ್ಲಿ ಹೇಳಿದ ಮಾತು ಇಲ್ಲಿ ಗಮನಾರ್ಹ. ಮಾಲೀಕರು ವ್ಯಾನನ್ನು ಮತ್ತೊಬ್ಬರ ಬಳಕೆಗೆ ಕೊಟ್ಟಿದ್ದರು. ಬಳಸುತ್ತಿದ್ದವರು ಅದನ್ನು ದುರಸ್ತಿಗೆ ಬಿಟ್ಟರು. ಬಳಸಲು ಕೊಟ್ಟ ಮೇಲೆ ಬಳಕೆಗೆ ಅಗತ್ಯವಾದ ದುರಸ್ತಿ ಮಾಡಿಸುವ ಅಧಿಕಾರವನ್ನೂ ಕೊಟ್ಟಂತೆ, ಹೀಗಾಗಿ ಲಿಯನ್ ಮಾಲೀಕರ ವಿರುದ್ಧವೂ ಸಲ್ಲುತ್ತದೆ ಎಂದು ತೀರ್ಮಾನವಾಯಿತು. ಇದು ರಸ್ತೆಗಿಳಿಯಲು ಬೇಕಾದ ಕೆಲಸಕ್ಕೆ ಹೊಂದುವ ಮಾತು. ಕ್ಯಾಬಿನ್ ಅಲಂಕಾರಕ್ಕೋ ಪೂರ್ತಿ ಪೇಂಟಿಂಗಿಗೋ ಚಾಲಕರ ಮಾತನ್ನು ನೆಚ್ಚುವುದು ತರವಲ್ಲ.

ಇವೆಲ್ಲಕ್ಕೂ ಬುನಾದಿ ಜಾಬ್ ಕಾರ್ಡು. ಅಂದಾಜು ಮೊತ್ತ, ಬಿಚ್ಚಿ ಪರೀಕ್ಷಿಸಿದ ಮೇಲೆ ಕೆಲಸ ಬೇಡವೆಂದರೆ ಕೊಡಬೇಕಾದ ಶುಲ್ಕ, ಸಿದ್ಧವಾದ ಬಳಿಕ ಇಷ್ಟು ದಿನ ಮೀರಿದರೆ ನಿಲುಗಡೆ ದರ, ಹಳೆಯ ಬಾಕಿಗೂ ಲಿಯನ್, ವಿಮಾ ಕಂಪನಿ ಕಡಿತಗೊಳಿಸಿದ ಪಾಲನ್ನು ಮಾಲೀಕರೇ ಭರಿಸಬೇಕೆಂಬ ಷರತ್ತು ಇಷ್ಟಿದ್ದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ಷರತ್ತುಗಳು ಗ್ರಾಹಕರಿಗೆ ಅರ್ಥವಾಗುವ ಕನ್ನಡದಲ್ಲಿ, ಸಹಿಯ ಮೇಲ್ಭಾಗದಲ್ಲಿರಬೇಕು. ಹಿಂಬದಿಯಲ್ಲಿ ಇರುವೆಯಂತಹ ಅಕ್ಷರಗಳಲ್ಲಿ ಮುದ್ರಿಸಿದ್ದನ್ನು ನ್ಯಾಯಾಲಯಗಳು ಅನುಮಾನದಿಂದಲೇ ನೋಡುತ್ತವೆ. ನಡುವೆ ಹೆಚ್ಚುವರಿ ಕೆಲಸ ಕಂಡುಬಂದರೆ ವಾಟ್ಸಾಪಿನಲ್ಲಿ ಒಪ್ಪಿಗೆ ಪಡೆಯುವುದು ಈಗ ರೂಢಿ. ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆಯಾದ್ದರಿಂದ ಆ ಸಂದೇಶಗಳನ್ನೂ ಫೋನನ್ನೂ ಜೋಪಾನ ಮಾಡಬೇಕು.

ವಾಹನದ ಮಾತು ಇಲ್ಲಿ ಬಂದಿದೆಯಾದರೂ ಕಲಂ ಎಲ್ಲ ಕಸುಬುಗಳಿಗೂ ಒಂದೇ. ಮೋಟಾರ್ ರೀವೈಂಡಿಂಗ್ ಅಂಗಡಿ, ಪೌಡರ್ ಕೋಟಿಂಗ್ ಘಟಕ, ಪೀಣ್ಯದಲ್ಲಿ ಬೇರೆಯವರ ಎರಕದ ಭಾಗಗಳಿಗೆ ಮಷಿನಿಂಗ್ ಮಾಡಿಕೊಡುವ ಜಾಬ್‌ವರ್ಕ್ ಘಟಕ ಇವೆಲ್ಲಕ್ಕೂ ಇದೇ ಹಕ್ಕು, ಇದೇ ಮಿತಿ. ಜಾಬ್‌ವರ್ಕ್‌ನಲ್ಲಿ ಮಾಲು ಕಂತುಕಂತಾಗಿ ಹೊರಹೋಗುತ್ತದೆಯಾದ್ದರಿಂದ ಕೊನೆಗೆ ಕೈಯಲ್ಲಿ ಉಳಿಯುವುದು ಕೊನೆಯ ಕಂತು ಮಾತ್ರ. ಬಿಟ್ಟುಕೊಟ್ಟ ಮಾಲಿನ ಮಜೂರಿಗೂ ಉಳಿದ ಮಾಲೇ ಭದ್ರತೆ ಎಂದು ಆರ್ಡರಿನಲ್ಲೇ ಬರೆಸಿಕೊಳ್ಳುವುದು ಅಲ್ಲಿ ಹೆಚ್ಚು ಅಗತ್ಯ.

ವಾಹನ ಅಥವಾ ಮಾಲು ಸಿಕ್ಕಿಹಾಕಿಕೊಂಡ ಮಾಲೀಕರಿಗೂ ದಾರಿಯಿದೆ. ಬಿಲ್ಲು ಅತಿಯಾಯಿತೆಂದು ತೋರಿದರೆ ಒಪ್ಪುವ ಮೊತ್ತವನ್ನು ಬ್ಯಾಂಕ್ ಮೂಲಕ ಕಳುಹಿಸಿ, ವಿವಾದದ ಮೊತ್ತವನ್ನು ನ್ಯಾಯಾಲಯದಲ್ಲಿ ಠೇವಣಿಯಿಡಲು ಸಿದ್ಧವೆಂದು ತಿಳಿಸಿ ವಾಹನದ ಬಿಡುಗಡೆಗೆ ಮಧ್ಯಂತರ ಅರ್ಜಿ ಹಾಕಬಹುದು. ಸಂಪಾದಿಸಬೇಕಾದ ಲಾರಿ ನಿಂತೇ ಇದ್ದರೆ ಕಂತು, ತೆರಿಗೆ, ವಿಮೆ ಯಾವುದೂ ನಿಲ್ಲುವುದಿಲ್ಲ. ಠೇವಣಿ ಗ್ಯಾರೇಜಿನ ಬಾಕಿಗೆ ವಾಹನಕ್ಕಿಂತ ಗಟ್ಟಿಯಾದ ಭದ್ರತೆಯಾಗುವುದರಿಂದ ಯಜಮಾನರಿಗೂ ಅದನ್ನು ವಿರೋಧಿಸಲು ಕಾರಣವಿರುವುದಿಲ್ಲ. ವಾಹನ ರಸ್ತೆಗೆ ಹೋಗುತ್ತದೆ, ವ್ಯಾಜ್ಯ ಬಿಲ್ಲಿನ ಮೇಲೆ ಮುಂದುವರಿಯುತ್ತದೆ.